ಸಿಗ್ನಲ್‌ನಲ್ಲಿ ನೀವೂ ಕಾಯ್ತೀರಿ, ಗಾಡಿಯೂ ಕಾಯುತ್ತೆ!

ಮಧ್ಯಾಹ್ನ ಮೂರೂವರೆ. ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಸ್ಕೂಟರ್ ಹತ್ತಿ ಮಗಳ ಶಾಲೆಯತ್ತ ಹೊರಟಿರುತ್ತೀರಿ. ಇರೋದು ಎರಡೇ ಕಿಲೋಮೀಟರ್ ದಾರಿ. ಆದರೆ ಮುಂದೆ ರಸ್ತೆ ಅಗೆದಿದ್ದಾರೆ, ಪಕ್ಕದಲ್ಲಿ ಬಿಎಂಟಿಸಿ ಬಸ್ಸು, ಹಿಂದೆ ಹಾರನ್ ಮೇಲೆ ಹಾರನ್. ಒಂದು ಮಾರು ಮುಂದೆ ಹೋಗೋದು, ನಿಲ್ಲೋದು. ಮತ್ತೆ ಒಂದು ಮಾರು, ಮತ್ತೆ ನಿಲ್ಲೋದು. ಅಷ್ಟರಲ್ಲಿ ಕಾಲಿನ ಬಳಿ ಬಿಸಿ ಝಳ. ಗಾಡಿಯಿಂದ ಎಂಥದೋ ಸುಟ್ಟ ವಾಸನೆ. ಆಕ್ಸಲರೇಟರ್ ತಿರುಗಿಸಿದರೂ ಗಾಡಿ ಎಳೀತಾ ಇಲ್ಲ. ನೋಡನೋಡುತ್ತಿದ್ದಂತೆ ಆಫ್!

ನಮ್ಮ ಬೀದಿಯ ಗೃಹಿಣಿಯೊಬ್ಬರಿಗೆ ಕಳೆದ ಬೇಸಿಗೆಯಲ್ಲಿ ಆಗಿದ್ದು ಇದೇ. ಗಾಡಿಯನ್ನು ಬಿಸಿಲಲ್ಲಿ ಅರ್ಧ ಕಿಲೋಮೀಟರ್ ತಳ್ಳಿಕೊಂಡು ಗ್ಯಾರೇಜ್ ಸೇರಿಸಿದರು. ಅತ್ತ ಮಗು ಶಾಲೆಯ ಗೇಟಿನಲ್ಲಿ ಮುಕ್ಕಾಲು ಗಂಟೆ ಕಾದು ಅಳುತ್ತಾ ಕೂತಿತ್ತು. ವಿಷಯ ತಿಳಿದ ಯಜಮಾನರ ಮೊದಲ ಮಾತು, ‘ನೀನು ಓಡಿಸೋ ರೀತಿನೇ ಸರಿ ಇಲ್ಲ ಕಣೇ. ಯಾವಾಗಲೂ ಬ್ರೇಕ್ ಹಿಡ್ಕೊಂಡೇ ಓಡಿಸ್ತೀಯ.’ ಆಕೆಯೂ ತಪ್ಪು ತನ್ನದೇ ಇರಬೇಕು ಅಂದುಕೊಂಡು ಸುಮ್ಮನಾದರು.

ಆದರೆ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿ ಹೇಳಿದ್ದೇ ಬೇರೆ. ‘ಅಕ್ಕಾ, ಇದರಲ್ಲಿ ಆಯಿಲೇ ಇಲ್ವಲ್ಲ! ಯಾವಾಗ ಚೇಂಜ್ ಮಾಡಿಸಿದ್ರಿ?’ ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳು. ಪಿಸ್ಟನ್ ಉಜ್ಜಿ ಗೀರು ಬಿದ್ದಿತ್ತು. ಬಿಲ್ಲು ಎಂಟು ಸಾವಿರ ಚಿಲ್ಲರೆ. ಬ್ಲೌಸ್ ಹೊಲಿದು ಚೀಟಿಗೆಂದು ಕೂಡಿಟ್ಟಿದ್ದ ಹಣ ಅಷ್ಟೂ ಅಲ್ಲಿಗೇ ಹೋಯ್ತು. ಗಾಡಿಗೆ ಪೆಟ್ರೋಲ್ ಹಾಕಿಸೋದು ಆಕೆ, ಸರ್ವೀಸ್ ನೋಡಿಕೊಳ್ಳೋದು ಯಜಮಾನರು ಅಂತ ಆಕೆ ತಿಳಿದಿದ್ದರು. ದಿನಾ ಓಡಿಸೋಳು ಅವಳು, ಅವಳೇ ನೋಡ್ಕೋತಾಳೆ ಅಂತ ಅವರು. ಇಬ್ಬರ ನಡುವೆ ಆಯಿಲ್ ಮಾತ್ರ ಯಾರ ಲೆಕ್ಕಕ್ಕೂ ಸೇರಿರಲಿಲ್ಲ!

ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಾದರೆ ಇದನ್ನು ಪೂರ್ತಿ ಓದಿ. ಎಂಜಿನ್ ಅತಿಯಾಗಿ ಕಾಯದಂತೆ ನೋಡಿಕೊಳ್ಳುವುದು ಗಂಡಸರಿಗಷ್ಟೇ ತಿಳಿದ ವಿದ್ಯೆಯೇನಲ್ಲ. ಇದರಲ್ಲಿ ಮುಕ್ಕಾಲು ಪಾಲು ಕೆಲಸವನ್ನು ಒಂದು ಹಳೇ ಬಟ್ಟೆ ಹಿಡಿದು ಐದು ನಿಮಿಷದಲ್ಲಿ ನೀವೇ ಮಾಡಬಹುದು.

ನಿಧಾನ ಹೋದರೆ ಬಿಸಿ ಜಾಸ್ತಿ ಏಕೆ?

ಜೋರಾಗಿ ಓಡಿಸಿದರೆ ತಾನೆ ಎಂಜಿನ್ ಕಾಯಬೇಕು, ಆಮೆ ಥರ ಹೋದರೆ ಯಾಕೆ ಕಾಯುತ್ತೆ? ಬಹಳ ಮಂದಿ ಕೇಳುವ ಪ್ರಶ್ನೆ ಇದು.

ಎಂಜಿನ್ ಅಂದರೆ ಒಂದು ಪುಟ್ಟ ಒಲೆ. ಅದರೊಳಗೆ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಗಾಡಿ ಓಡಿಸಲು ಬಳಕೆಯಾಗುತ್ತದೆ. ಉಳಿದದ್ದೆಲ್ಲಾ ಬಹುಪಾಲು ಬಿಸಿಯೇ. ಅದರಲ್ಲಿ ಒಂದಿಷ್ಟು ಸೈಲೆನ್ಸರ್ ಮೂಲಕ ಹೊಗೆಯ ಜತೆ ಹೋಗುತ್ತೆ, ಇನ್ನೊಂದಿಷ್ಟು ಎಂಜಿನ್ ಮೈಯಿಂದಲೇ ಹೊರಹೋಗಬೇಕು. ಬೈಕಿನ ಎಂಜಿನ್ ಮೇಲೆ ಸಾಲಾಗಿ ತೆಳು ಲೋಹದ ಪಟ್ಟಿಗಳಿರುವುದನ್ನು ಗಮನಿಸಿದ್ದೀರಾ? ಅವನ್ನು ಫಿನ್ಸ್ ಅಂತಾರೆ. ಬಿಸಿ ಕಾಫಿಯನ್ನು ಲೋಟದಲ್ಲೇ ಬಿಟ್ಟರೆ ಬೇಗ ಆರುವುದಿಲ್ಲ, ಅಗಲ ಬಟ್ಟಲಿಗೆ ಸುರಿದರೆ ಆರುತ್ತೆ ಅಲ್ಲವೇ? ಗಾಳಿಗೆ ಹೆಚ್ಚು ಮೈ ತಾಗಲಿ ಅಂತ ಮಾಡಿರುವ ಉಪಾಯ ಅದು.

ಗಾಡಿ 40 ಕಿ.ಮೀ. ವೇಗದಲ್ಲಿ ಹೋದಾಗ ಈ ಪಟ್ಟಿಗಳಿಗೆ ಚೆನ್ನಾಗಿ ಗಾಳಿ ಬೀಸುತ್ತದೆ. ನಿಂತಲ್ಲೇ ನಿಂತರೆ ಗಾಳಿ ಎಲ್ಲಿಂದ ಬರಬೇಕು? ಒಲೆ ಉರಿಯುತ್ತಲೇ ಇದೆ, ಬಿಸಿ ಹೊರಗೆ ಹೋಗ್ತಾ ಇಲ್ಲ. ಜತೆಗೆ ಕಾದ ರಸ್ತೆಯ ಝಳ, ಪಕ್ಕದ ಬಸ್ಸಿನ ಬಿಸಿ ಹೊಗೆ ಬೇರೆ.

ನಮ್ಮ ಬೆಂಗಳೂರಿನ ಸ್ಥಿತಿಯಂತೂ ಗೊತ್ತೇ ಇದೆ. ಟಾಮ್‌ಟಾಮ್ ಸಂಸ್ಥೆ 2022ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ನಗರದ ಮಧ್ಯಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಹಿಡಿಯುತ್ತಿತ್ತು. ಅಂದರೆ ಗಂಟೆಗೆ 20 ಕಿ.ಮೀ. ಆಸುಪಾಸು. ಇದು ಬರೀ ಸರಾಸರಿ. ಸಂಜೆ ಸಿಲ್ಕ್ ಬೋರ್ಡ್‌ನಲ್ಲೋ, ಹೆಬ್ಬಾಳದಲ್ಲೋ, ಗೊರಗುಂಟೆಪಾಳ್ಯದಲ್ಲೋ ಸಿಕ್ಕಿಕೊಂಡವರನ್ನು ಕೇಳಿ ನೋಡಿ!

ಸ್ಕೂಟರ್ ಬೇರೆ, ಬೈಕ್ ಬೇರೆ

ಗೇರ್ ಇಲ್ಲದ ಸ್ಕೂಟರ್‌ನ ಎಂಜಿನ್ ಪ್ಲಾಸ್ಟಿಕ್ ಕವಚದೊಳಗೆ ಅಡಗಿರುತ್ತದೆ. ಅದಕ್ಕೆ ಹೊರಗಿನ ಗಾಳಿ ನೇರವಾಗಿ ತಾಗುವುದಿಲ್ಲ. ಆದ್ದರಿಂದ ಅದಕ್ಕೊಂದು ಫ್ಯಾನ್ ಇಟ್ಟಿರುತ್ತಾರೆ. ಎಂಜಿನ್ ತಿರುಗುವಷ್ಟು ಹೊತ್ತೂ ಈ ಫ್ಯಾನ್ ತಿರುಗುತ್ತಾ ಗಾಳಿ ಊದುತ್ತಿರುತ್ತದೆ. ಹಾಗಾಗಿ ಎಲ್ಲ ಸರಿ ಇದ್ದರೆ ಟ್ರಾಫಿಕ್‌ನಲ್ಲಿ ಸ್ಕೂಟರ್ ತಡೆದುಕೊಳ್ಳುತ್ತೆ.

ಸಾಮಾನ್ಯ 100, 125 ಸಿಸಿ ಬೈಕಿಗೆ ಈ ಫ್ಯಾನ್ ಇಲ್ಲ. ಓಡಿದರಷ್ಟೇ ಗಾಳಿ. ದೊಡ್ಡ ಬೈಕ್‌ಗಳಲ್ಲಿ ಕೆಲವಕ್ಕೆ ಕಾರಿನಂತೆ ರೇಡಿಯೇಟರ್, ಕೂಲೆಂಟ್ ಇರುತ್ತದೆ. ಅಂಥವುಗಳಲ್ಲಿ ಬಿಸಿ ಮಿತಿ ಮೀರಿದರೆ ಮೀಟರ್‌ನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಆದರೆ ನಮ್ಮ ನಿಮ್ಮ ಮನೆಯ ಬಹುತೇಕ ಸ್ಕೂಟರ್, ಬೈಕ್‌ಗಳಲ್ಲಿ ಅಂಥ ದೀಪ ಇಲ್ಲ. ಗಾಡಿ ಬಾಯಿ ಬಿಟ್ಟು ಹೇಳಲ್ಲ, ನಾವೇ ಗಮನಿಸಬೇಕು.

ಮೊದಲ ಮದ್ದು ಆಯಿಲ್

ಕುಕ್ಕರ್‌ಗೆ ನೀರು ಹಾಕದೆ ಒಲೆ ಮೇಲೆ ಇಡುತ್ತೀರಾ? ಎಂಜಿನ್‌ಗೆ ಆಯಿಲ್ ಕೂಡ ಹಾಗೆಯೇ. ಲೋಹ ಲೋಹಕ್ಕೆ ಉಜ್ಜದಂತೆ ನಡುವೆ ಜಾರಿಕೆ ಕೊಡುವುದು ಮಾತ್ರವಲ್ಲ, ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಬಿಡುವುದೂ ಅದರ ಕೆಲಸವೇ. ಸ್ಕೂಟರ್‌ನಲ್ಲಿ ಇರುವುದೇ ಸುಮಾರು 700ರಿಂದ 800 ಮಿಲಿ. ಅದರಲ್ಲಿ 300 ಮಿಲಿ ಕಡಿಮೆಯಾದರೂ ಉಳಿದ ಆಯಿಲ್ ಬೇಗ ಕಾದು ನೀರಾಗುತ್ತದೆ. ಆಗಲೇ ಪಿಸ್ಟನ್ ಉಜ್ಜೋದು, ಎಂಜಿನ್ ‘ಸೀಜ್’ ಆಗೋದು.

ಹಿಂದೆ ಟೂ ಸ್ಟ್ರೋಕ್ ಗಾಡಿಗಳಿದ್ದಾಗ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದರು. ಬಂಕಿಗೆ ಹೋದಾಗಲೆಲ್ಲಾ ‘ಆಯಿಲ್ ಎಷ್ಟು?’ ಅಂತ ಹುಡುಗ ಕೇಳುತ್ತಿದ್ದ, ನೆನಪಾಗುತ್ತಿತ್ತು. ಈಗಿನವು ಫೋರ್ ಸ್ಟ್ರೋಕ್. ಆಯಿಲ್ ಪ್ರತ್ಯೇಕವಾಗಿ ಒಳಗೇ ಇರುತ್ತದೆ. ಕೇಳೋರೂ ಇಲ್ಲ, ನಮಗೆ ನೆನಪೂ ಇಲ್ಲ!

ನೋಡುವುದು ಹೀಗೆ:

* ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿ ನಿಂತಿದ್ದರೆ ಅಳತೆ ತಪ್ಪುತ್ತದೆ.

* ಮೂರು ನಿಮಿಷ ಎಂಜಿನ್ ಆನ್ ಮಾಡಿ, ಆಮೇಲೆ ಆಫ್ ಮಾಡಿ ಮತ್ತೆ ಮೂರು ನಿಮಿಷ ಬಿಡಿ. ಮೇಲೆ ಹೋದ ಆಯಿಲ್ ಕೆಳಗಿಳಿಯಲಿ.

* ಎಂಜಿನ್‌ನ ಕೆಳಭಾಗದಲ್ಲಿ ಕಡ್ಡಿ ಇರುವ ಮುಚ್ಚಳ ಇರುತ್ತದೆ. ಅದನ್ನು ಡಿಪ್‌ಸ್ಟಿಕ್ ಅಂತಾರೆ. ಸೈಲೆನ್ಸರ್ ಕೈಗೆ ತಾಗದಂತೆ ಎಚ್ಚರವಹಿಸಿ ತಿರುಗಿಸಿ ತೆಗೆಯಿರಿ.

* ಬಟ್ಟೆಯಿಂದ ಕಡ್ಡಿ ಒರೆಸಿ, ಮತ್ತೆ ಒಳಗಿಟ್ಟು ತೆಗೆದು ನೋಡಿ. ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವೆ ಆಯಿಲ್ ಅಂಟಿದ್ದರೆ ಸರಿ. ಕೆಲವು ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸದೆ ಬರೀ ಇಟ್ಟು ನೋಡಬೇಕು, ಕೆಲವದರಲ್ಲಿ ತಿರುಗಿಸಿ ನೋಡಬೇಕು. ಗಾಡಿ ಜತೆ ಕೊಟ್ಟ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ.

* ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಕೂಡಲೇ ಹಾಕಿಸಿ. ‘ಜಾಸ್ತಿನೇ ಇರಲಿ’ ಅಂತ ಮೇಲಿನ ಗುರುತು ದಾಟಿಸುವುದೂ ಬೇಡ.

ಇನ್ನೊಂದು ಮಾತು. ಆಯಿಲ್ ಬದಲಿಸಲು ಸಾಮಾನ್ಯವಾಗಿ ಕಿಲೋಮೀಟರ್ ಲೆಕ್ಕ ಹೇಳುತ್ತಾರೆ. ಗಾಡಿಗೆ ತಕ್ಕಂತೆ 3,000ರಿಂದ 6,000 ಕಿ.ಮೀ. ‘ನಂದು ವರ್ಷಕ್ಕೆ ಎರಡು ಸಾವಿರವೂ ಓಡಲ್ಲ’ ಅಂತ ಸುಮ್ಮನಿರಬೇಡಿ. ಎರಡು ಕಿಲೋಮೀಟರ್ ಹೋಗಲು ಇಪ್ಪತ್ತು ನಿಮಿಷ ಹಿಡಿದರೆ, ಮೀಟರ್ ತೋರಿಸುವುದು ಎರಡೇ, ಎಂಜಿನ್ ದುಡಿದದ್ದು ಪೂರ್ತಿ ಇಪ್ಪತ್ತು ನಿಮಿಷ! ಆದ್ದರಿಂದ ಟ್ರಾಫಿಕ್‌ನಲ್ಲೇ ಓಡುವ ಗಾಡಿಗೆ ತಿಂಗಳ ಲೆಕ್ಕ ಇಟ್ಟುಕೊಳ್ಳುವುದು ಜಾಣತನ. ಆರು ತಿಂಗಳಿಗೊಮ್ಮೆ ಬದಲಿಸಿದರೆ ನಿಶ್ಚಿಂತೆ.

ಸ್ಕೂಟರ್ ಆಯಿಲೇ ಬೇರೆ, ಬೈಕ್ ಆಯಿಲೇ ಬೇರೆ ಅನ್ನೋದೂ ನೆನಪಿರಲಿ. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಅದಕ್ಕೆ ಸ್ಕೂಟರ್ ಅಥವಾ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಬೈಕ್ ಡಬ್ಬಿಯ ಮೇಲೆ ಜಾಸೋ ಎಂಎ, ಸ್ಕೂಟರ್ ಡಬ್ಬಿಯ ಮೇಲೆ ಜಾಸೋ ಎಂಬಿ ಎಂದು ಇರುತ್ತದೆ. ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ಕೇಳಿ ಪಡೆಯಿರಿ.

ಗಾಳಿಗೆ ದಾರಿ ಬಿಡಿ

ಬಹುತೇಕ ಸ್ಕೂಟರ್‌ಗಳ ಎಂಜಿನ್‌ನ ಬಲಬದಿಯಲ್ಲಿ ಜಾಲರಿ ಇರುವ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಫ್ಯಾನ್ ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ. ಮಳೆಗಾಲದ ಕೆಸರು, ಒಣ ಎಲೆ, ಹತ್ತಿ, ಪ್ಲಾಸ್ಟಿಕ್ ಚೂರು ಎಲ್ಲಾ ಹೋಗಿ ಅಲ್ಲಿ ಕೂರುತ್ತವೆ. ಮಿಕ್ಸಿಯ ಕೆಳಗಿನ ಗಾಳಿ ಕಿಂಡಿಗೆ ಬಟ್ಟೆ ಸಿಕ್ಕಿಕೊಂಡರೆ ಮೋಟರ್ ಹೇಗೆ ಕಾಯುತ್ತದೋ ಹಾಗೇ ಇದು. ವಾರಕ್ಕೊಮ್ಮೆ ಗಾಡಿ ತಣ್ಣಗಿರುವಾಗ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಜಾಲರಿ ಉಜ್ಜಿಬಿಡಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಇಲಿ ಒಳಗೆ ಗೂಡು ಕಟ್ಟಿರುವುದೂ ಉಂಟು. ಮೆಕ್ಯಾನಿಕ್ ಹತ್ತಿರ ಮುಚ್ಚಳ ಬಿಚ್ಚಿಸಿ ನೋಡಿಸಿ.

ಬೈಕ್ ಆದರೆ ಫಿನ್ಸ್ ನಡುವಿನ ಒಣ ಕೆಸರನ್ನು ತೆಗೆಯಬೇಕು. ಎಂಜಿನ್ ಮುಂದೆ ಫ್ಲೆಕ್ಸ್ ತುಂಡು, ಚೀಲ, ಚಪ್ಪಲಿ ಕವರ್ ಯಾವುದನ್ನೂ ಕಟ್ಟಬೇಡಿ.

ಓಡಿಸುವಾಗ ಇಷ್ಟು ಮಾಡಿ

ಬ್ರೇಕ್, ಆಕ್ಸಲರೇಟರ್ ಎರಡೂ ಒಟ್ಟಿಗೆ ಬೇಡ: ಯಾರಾದರೂ ಅಡ್ಡ ಬಂದಾರೆಂಬ ಭಯಕ್ಕೆ ನಾವು ಬ್ರೇಕ್ ಹಿಡಿದುಕೊಂಡೇ ಆಕ್ಸಲರೇಟರ್ ತಿರುಗಿಸುತ್ತೇವೆ. ಆಗ ಗಾಡಿ ಮುಂದೆ ಹೋಗಲಾರದೆ ಒಳಗಿನ ಕ್ಲಚ್ ಉಜ್ಜಿ ಉಜ್ಜಿ ಕಾಯುತ್ತದೆ. ಅಂದಹಾಗೆ, ಪಕ್ಕದ ಮನೆ ಯಜಮಾನರ ಮಾತಿನಲ್ಲಿ ಇಷ್ಟು ಮಾತ್ರ ನಿಜ ಇತ್ತು!

ಇಂಚಿಂಚು ಸರಿಯಬೇಡಿ: ಮುಂದಿನ ಗಾಡಿ ಒಂದಡಿ ಸರಿದ ಕೂಡಲೇ ನೀವೂ ಒಂದಡಿ ಸರಿಯಬೇಕೆಂದಿಲ್ಲ. ಎರಡು ಮೂರು ಮಾರು ಜಾಗ ಆಗಲಿ ಬಿಡಿ, ಒಂದೇ ಸಲ ಹೋಗಿ, ಕೈ ಪೂರ್ತಿ ಬಿಟ್ಟು ನಿಲ್ಲಿ. ಹಿಂದಿನವರು ಹಾರನ್ ಹೊಡೆದರೆ ಹೊಡೆದುಕೊಳ್ಳಲಿ, ಅವರೇನು ನಿಮ್ಮ ಗಾಡಿ ರಿಪೇರಿ ಮಾಡಿಸಿಕೊಡಲ್ಲ.

ಸಿಗ್ನಲ್‌ನಲ್ಲಿ ಆಫ್ ಮಾಡಿ: ಕೌಂಟರ್‌ನಲ್ಲಿ ಮೂವತ್ತು ಸೆಕೆಂಡಿಗಿಂತ ಹೆಚ್ಚು ತೋರಿಸುತ್ತಿದ್ದರೆ ಎಂಜಿನ್ ಆರಿಸಿ. ಪೆಟ್ರೋಲೂ ಉಳಿಯಿತು, ಹೊಸ ಬಿಸಿ ಹುಟ್ಟುವುದೂ ನಿಂತಿತು. ನಿಂತಲ್ಲೇ ಸುಮ್ಮನೆ ‘ಬುರ್ ಬುರ್’ ಅಂತ ರೈಸ್ ಮಾಡುವ ಅಭ್ಯಾಸವಂತೂ ಬೇಡವೇ ಬೇಡ.

ಬೈಕ್ ಆದರೆ ಹಾಫ್ ಕ್ಲಚ್ ಬೇಡ: ಮನೆಯಲ್ಲಿ ಬೈಕ್ ಓಡಿಸುವವರಿಗೂ ಇದನ್ನು ಹೇಳಿ. ನಿಧಾನ ಹೋಗುವಾಗ ಮೂರನೇ ಗೇರ್‌ನಲ್ಲಿ ಎಳೆಸುವುದು, ಕ್ಲಚ್ ಅರ್ಧ ಹಿಡಿದೇ ಹೋಗುವುದು ಎರಡೂ ತಪ್ಪು. ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಓಡಿಸಬೇಕು. ನಿಂತಾಗ ನ್ಯೂಟ್ರಲ್.

ಭಾರ ಕಡಿಮೆ ಇರಲಿ: ಹಿಂದೆ ಇಬ್ಬರು, ಮುಂದೆ ಅಕ್ಕಿ ಚೀಲ, ಮೇಲಾಗಿ ಫ್ಲೈಓವರ್ ಏರು! ಎಂಜಿನ್ ಪಾಡು ಏನಾಗಬೇಡ? ಟಯರ್‌ನಲ್ಲಿ ಗಾಳಿ ಕಡಿಮೆ ಇದ್ದರೂ ಭಾರ ಎಳೆದಷ್ಟೇ ಕಷ್ಟ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸಿ.

ಗಾಡಿ ಕಾದೇಬಿಟ್ಟರೆ?

ಲಕ್ಷಣಗಳು ಇವು. ಪಿಕಪ್ ಇಳಿಯುವುದು, ಸುಟ್ಟ ಆಯಿಲ್ ವಾಸನೆ, ಓಡುವಾಗ ಎಂಜಿನ್‌ನಿಂದ ಕಟಕಟ ಸದ್ದು, ತಾನಾಗಿ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗದಿರುವುದು. (ಗಾಡಿ ನಿಲ್ಲಿಸಿದ ಮೇಲೆ ಸೈಲೆನ್ಸರ್ ‘ಟಿಕ್ ಟಿಕ್’ ಅನ್ನುವುದು ಸಹಜ. ಕಾದ ಲೋಹ ತಣಿಯುವ ಸದ್ದು ಅದು, ಹೆದರಬೇಡಿ.)

ಇಂಥ ಲಕ್ಷಣ ಕಂಡರೆ ‘ಇನ್ನೇನು ಮನೆ ಬಂತು’ ಅಂತ ಎಳೆದಾಡಬೇಡಿ. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ, ನೆರಳಲ್ಲಿ ನಿಲ್ಲಿಸಿ, ಕೀ ತಿರುಗಿಸಿ ಆಫ್ ಮಾಡಿ. ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡಿ. ತಣಿದ ಮೇಲೆ ಮೊದಲು ಆಯಿಲ್ ಕಡ್ಡಿ ನೋಡಿ. ಆಯಿಲ್ ಇಲ್ಲದಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ತಳ್ಳಿಸಿಕೊಂಡು ಹೋಗಿ. ಎಂಟು ಸಾವಿರದ ಬಿಲ್ಲು ಬರುವುದು ಈ ಒಂದು ತಪ್ಪಿನಿಂದಲೇ. ಬೈಕ್ ಓಡುತ್ತಿರುವಾಗಲೇ ಹಿಂದಿನ ಚಕ್ರ ಹಿಡಿದಂತಾದರೆ ತಕ್ಷಣ ಕ್ಲಚ್ ಪೂರ್ತಿ ಒತ್ತಿ, ನಿಧಾನ ಎಡಕ್ಕೆ ತನ್ನಿ.

ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಲೋಹವೂ ಬಿರುಕು ಬಿಡಬಹುದು, ಸೊಟ್ಟಗಾಗಬಹುದು. ರೇಡಿಯೇಟರ್ ಇರುವ ಬೈಕ್ ಆದರೆ ಬಿಸಿ ಇದ್ದಾಗ ಅದರ ಮುಚ್ಚಳ ತೆಗೆಯಬಾರದು, ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ. ಮನೆಗೆ ಬಂದ ಕೂಡಲೇ ಬಿಸಿ ಗಾಡಿಗೆ ಪ್ಲಾಸ್ಟಿಕ್ ಕವರ್ ಹೊದಿಸುವುದೂ ಬೇಡ.

ಮಕ್ಕಳ ಕಾಲು ಜೋಪಾನ! ಇಳಿಯುವಾಗ ಸೈಲೆನ್ಸರ್‌ಗೆ ತಾಗಿ ಸುಟ್ಟರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಐಸ್ ಯಾವುದೂ ಬೇಡ. ಬೊಬ್ಬೆ ದೊಡ್ಡದಾಗಿದ್ದರೆ ಡಾಕ್ಟರಿಗೆ ತೋರಿಸಿ.

ಮೆಕ್ಯಾನಿಕ್ ಹತ್ತಿರ ಏನು ಕೇಳಬೇಕು?

‘ಗಾಡಿ ಸರಿ ಇಲ್ಲ, ನೋಡಿ’ ಅಂತ ಬಿಟ್ಟು ಬಂದರೆ ಬಿಲ್ಲು ಬರುತ್ತೆ, ಕೆಲಸ ಏನಾಯ್ತೋ ಗೊತ್ತಾಗಲ್ಲ. ಹೀಗೆ ಬಿಡಿಸಿ ಕೇಳಿ. ಏರ್ ಫಿಲ್ಟರ್ ನೋಡಿದಿರಾ? ಸ್ಪಾರ್ಕ್ ಪ್ಲಗ್ ಹೇಗಿದೆ? ಬ್ರೇಕ್ ಹಿಡಿದುಕೊಂಡಿದೆಯಾ? (ಸೆಂಟರ್ ಸ್ಟ್ಯಾಂಡ್ ಹಾಕಿ ಕೈಯಲ್ಲಿ ತಿರುಗಿಸಿದರೆ ಚಕ್ರ ಸಲೀಸಾಗಿ ತಿರುಗಬೇಕು.) ಆಯಿಲ್ ಎಲ್ಲಾದರೂ ಸೋರುತ್ತಿದೆಯಾ? ಗಾಡಿ ನಿಲ್ಲಿಸುವ ಜಾಗದಲ್ಲಿ ಕಪ್ಪು ಕಲೆ ಬಿದ್ದಿದ್ದರೆ ಅದನ್ನೂ ಹೇಳಿ.

ಹಳೆಯ ಕಾರ್ಬುರೇಟರ್ ಗಾಡಿ ಇರುವವರು ಒಂದು ಆಸೆಗೆ ಬೀಳಬೇಡಿ. ‘ಮೈಲೇಜ್ ಬರೋ ಹಾಗೆ ಟೈಟ್ ಮಾಡಿಕೊಡಿ’ ಅಂತ ಕೇಳುವವರಿದ್ದಾರೆ. ಪೆಟ್ರೋಲ್ ತೀರಾ ಕಡಿಮೆ ಮಾಡಿ ಗಾಳಿ ಹೆಚ್ಚಿಸಿದರೆ ಎಂಜಿನ್ ಇನ್ನಷ್ಟು ಕಾಯುತ್ತದೆ. ಹತ್ತು ರೂಪಾಯಿ ಪೆಟ್ರೋಲ್ ಉಳಿಸಲು ಹೋಗಿ ಸಾವಿರದ ಪಿಸ್ಟನ್ ಕಳೆದುಕೊಂಡಂತೆ! 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಪೆಟ್ರೋಲ್ ಅಳತೆಯನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅಲ್ಲಿ ಈ ತಿರುಗಿಸುವ ಆಟ ನಡೆಯಲ್ಲ.

‘ಎಲೆಕ್ಟ್ರಿಕ್ ತಗೊಂಡರೆ ಈ ರಗಳೆನೇ ಇಲ್ವಲ್ಲ?’ ಅನ್ನಬಹುದು. ಎಂಜಿನ್ ಆಯಿಲ್ ಗೊಡವೆ ಇಲ್ಲ ನಿಜ. ಆದರೆ ಅದರ ಬ್ಯಾಟರಿ, ಮೋಟರ್‌ಗಳಿಗೂ ಬಿಸಿ ಆಗಿಬರಲ್ಲ. ಬಿಸಿಲಲ್ಲಿ ಸುತ್ತಿ ಬಂದ ಕೂಡಲೇ ಚಾರ್ಜ್‌ಗೆ ಹಾಕದೆ ಸ್ವಲ್ಪ ಹೊತ್ತು ನೆರಳಲ್ಲಿ ತಣಿಯಲು ಬಿಡಿ.

ಅಂದಹಾಗೆ, ನಮ್ಮ ಬೀದಿಯ ಆ ಗೃಹಿಣಿ ಈಗ ಏನು ಮಾಡುತ್ತಾರೆ ಗೊತ್ತೇ? ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಬರೆಯುತ್ತಾರಲ್ಲ, ಅದರ ಪಕ್ಕದಲ್ಲೇ ತಿಂಗಳ ಮೊದಲ ಭಾನುವಾರಕ್ಕೆ ‘ಆಯಿಲ್’ ಅಂತ ಒಂದು ಗುರುತು. ಆ ದಿನ ಬೆಳಗ್ಗೆ ಬಟ್ಟೆ ಹಿಡಿದು ಕಡ್ಡಿ ತೆಗೆದು ತಾವೇ ನೋಡುತ್ತಾರೆ. ಹೋದ ತಿಂಗಳು ತಮ್ಮ ಸ್ಕೂಟರ್ ನೋಡಿದ ಮೇಲೆ ಯಜಮಾನರ ಬೈಕಿನ ಕಡ್ಡಿಯನ್ನೂ ತೆಗೆದರಂತೆ. ಆಯಿಲ್ ಕೆಳಗಿನ ಗುರುತಿಗಿಂತ ಕೆಳಗಿತ್ತು. ‘ರೀ, ಸ್ವಲ್ಪ ಬನ್ನಿ ಇಲ್ಲಿ’ ಅಂತ ಕರೆದು ತೋರಿಸಿದರಂತೆ. ಅವರು ಒಂದೂ ಮಾತಾಡದೆ ಗ್ಯಾರೇಜಿಗೆ ಹೊರಟರು.